ಪರಿಮಳಕ್ಕೆ ಮಾತಿನ ಅಳತೆ: ಗಂಧಯುಕ್ತಿಯಿಂದ ಗಂಧದೆಣ್ಣೆಯವರೆಗೆ

ಇಂದ್ರಿಯಗಳ ಅನುಭವವನ್ನು ಮಾತಿಗೆ ತರುವಲ್ಲಿ ಮೂಗು ಉಳಿದ ಇಂದ್ರಿಯಗಳಿಗಿಂತ ಹಿಂದುಳಿದಿದೆ. ಕಣ್ಣು ಕಂಡದ್ದಕ್ಕೆ ಬಿಳುಪು, ಕಪ್ಪು, ಕೆಂಪು, ಹಸುರು, ಹಳದಿ ಎಂಬ ಸ್ವತಂತ್ರ ಹೆಸರುಗಳಿವೆ. ನಾಲಗೆ ಸವಿದದ್ದಕ್ಕೆ ಸಿಹಿ, ಹುಳಿ, ಕಹಿ, ಖಾರ, ಒಗರು ಎಂಬ ಹೆಸರುಗಳಿವೆ. ಮೂಗು ಗ್ರಹಿಸಿದ ಕಂಪಿಗಾದರೋ ಮಲ್ಲಿಗೆಯ ಕಂಪು, ಸಂಪಿಗೆಯ ಕಂಪು, ಮಳೆಗೆ ನೆನೆದ ಮಣ್ಣಿನ ಕಂಪು ಎಂದು ಅದರ ಮೂಲವನ್ನು ಹೆಸರಿಸುವುದಷ್ಟೇ ದಾರಿ. ಈ ಕೊರತೆಯನ್ನು ಪ್ರಾಚೀನರೂ ಬಲ್ಲವರಾಗಿದ್ದರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಸ್ಪರ್ಶ, ರಸ, ಗಂಧ, ವರ್ಣಗಳನ್ನು ಪುದ್ಗಲದ ಲಕ್ಷಣಗಳೆಂದು ಹೇಳುತ್ತದೆ. ಅದಕ್ಕೆ ಸರ್ವಾರ್ಥಸಿದ್ಧಿ ಎಂಬ ವೃತ್ತಿಯನ್ನು ಬರೆದ, ಕನ್ನಡ ನಾಡಿನ ಪೂಜ್ಯಪಾದರು ಈ ಲಕ್ಷಣಗಳ ಭೇದಗಳನ್ನು ಎಣಿಸುತ್ತಾರೆ. ಸ್ಪರ್ಶಕ್ಕೆ ಎಂಟು, ರಸಕ್ಕೆ ಐದು, ವರ್ಣಕ್ಕೆ ಐದು ಭೇದಗಳು. ಗಂಧಕ್ಕೆ ಮಾತ್ರ ಎರಡೇ. ಒಂದು ಸುರಭಿ, ಇನ್ನೊಂದು ಅಸುರಭಿ.

ತತ್ತ್ವಶಾಸ್ತ್ರಕ್ಕೆ ಈ ಎರಡು ಸಾಕು. ಆದರೆ ಗಂಧದ ಕೊರಡನ್ನು ಕೊಳ್ಳುವ ಅರಮನೆಯ ಅಧಿಕಾರಿಗೆ, ಅಭ್ಯಂಜನದ ಎಣ್ಣೆಯನ್ನು ಸಿದ್ಧಪಡಿಸುವ ಗಂಧಿಗನಿಗೆ, ವಸಂತವನ್ನು ವರ್ಣಿಸುವ ಕವಿಗೆ ಇವು ಸಾಲವು. ಇಂಥ ಕಂಪು ಇಂಥವರಿಗೆ, ಇಂಥ ಕಾಲದಲ್ಲಿ ತಕ್ಕುದು ಎಂದು ಸೂಚಿಸಬೇಕಾದವರಿಗೆ ಇನ್ನೂ ನುಣುಪಾದ ಮಾತು ಬೇಕು. ಆ ಮಾತನ್ನು ನಿಘಂಟುಕಾರರು, ಅರ್ಥಶಾಸ್ತ್ರಜ್ಞರು, ಜ್ಯೋತಿಷಿಗಳು, ಗಣಿತಜ್ಞರು, ಕೊನೆಗೆ ರಸಾಯನಶಾಸ್ತ್ರಜ್ಞರು ಬೇರೆಬೇರೆ ದಾರಿಗಳಲ್ಲಿ ಕಟ್ಟಿಕೊಂಡರು. ಆ ದಾರಿಗಳ ಒಂದು ತುದಿ ಸಂಸ್ಕೃತದ ಗಂಧಯುಕ್ತಿಯಲ್ಲಿದ್ದರೆ ಇನ್ನೊಂದು ತುದಿ ಮೈಸೂರು ಸೀಮೆಯ ಶ್ರೀಗಂಧದ ಕಾಡುಗಳಲ್ಲಿದೆ.

ನಿಘಂಟಿನ ಮೂಗು

ಇಂದಿನ ಬಳಕೆಯಲ್ಲಿ ಪರಿಮಳ, ಆಮೋದ, ಸುರಭಿ, ಸುಗಂಧ ಎಂಬ ಮಾತುಗಳು ಒಂದೇ ಅರ್ಥದವು. ಒಂದು ಪದ್ಯದಲ್ಲಿ ಛಂದಸ್ಸಿಗೆ ಯಾವುದು ಒದಗುತ್ತದೆಯೋ ಅದನ್ನು ಕವಿ ಬಳಸಿರಬೇಕೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಅಮರಕೋಶವನ್ನು ನಿಧಾನವಾಗಿ ಓದಿದರೆ ಈ ಭಾವನೆ ನಿಲ್ಲುವುದಿಲ್ಲ. ಅಮರಸಿಂಹನ ಪ್ರಕಾರ ಪರಿಮಳವೆಂದರೆ ಉಜ್ಜುವುದರಿಂದ, ತೇಯುವುದರಿಂದ ಹೊಮ್ಮುವ, ಜನರ ಮನಸ್ಸನ್ನು ಸೆಳೆಯುವ ಗಂಧ. ಆಮೋದವೆಂದರೆ ಬಹು ದೂರ ಹರಡುವ ಗಂಧ. ಮೂಗಿಗೆ ತೃಪ್ತಿ ಕೊಡುವುದು ಸುರಭಿ. ಹಸಿ ಮಾಂಸದಂಥ ವಾಸನೆಯುಳ್ಳದ್ದು ವಿಸ್ರ. ದೂರಕ್ಕೆ ಹರಡುವ ಗುಣಕ್ಕೆ ನಿರ್ಹಾರಿ ಎಂಬ ಬೇರೊಂದು ಮಾತೂ ಅಲ್ಲಿದೆ.

ಈ ವಿಂಗಡಣೆಯ ಆಧಾರ ಗಮನಾರ್ಹವಾದುದು. ಕಂಪು ಯಾವುದರಂತಿದೆ ಎಂಬುದನ್ನು ನಿಘಂಟುಕಾರ ಕೇಳುವುದಿಲ್ಲ. ಅದು ಹೇಗೆ ಹುಟ್ಟುತ್ತದೆ, ಎಷ್ಟು ದೂರ ನಡೆಯುತ್ತದೆ, ಮೂಗಿಗೆ ಏನು ಮಾಡುತ್ತದೆ ಎಂದು ಕೇಳುತ್ತಾನೆ. ಕಲ್ಲಿನ ಮೇಲೆ ತೇಯುವವರೆಗೆ ಚಂದನದ ಕೊರಡು ಹೆಚ್ಚು ಮಾತನಾಡುವುದಿಲ್ಲ. ತೇಯ್ದಾಗ ಹೊಮ್ಮುವುದೇ ಅದರ ಪರಿಮಳ. ಕೇದಗೆಯ ಹೂವು ಪೊದೆಯೊಳಗೆ ಅಡಗಿದ್ದರೂ ದಾರಿಹೋಕನನ್ನು ನಿಲ್ಲಿಸುತ್ತದೆ; ಅದು ಆಮೋದ. ಕಾವ್ಯದಲ್ಲಿ ಈ ಎರಡು ಪದಗಳು ಬಂದ ಕಡೆ ಒಂದು ಕಂಪು ಹತ್ತಿರದ್ದೋ ದೂರದ್ದೋ, ಸ್ಪರ್ಶದಿಂದ ಹುಟ್ಟಿದ್ದೋ ಗಾಳಿಯಿಂದ ಬಂದದ್ದೋ ಎಂಬ ಸೂಚನೆ ಇರುವ ಸಾಧ್ಯತೆಯನ್ನು ಓದುಗ ಮರೆಯಬಾರದು. ಅಮರಕೋಶಕ್ಕೆ ಕನ್ನಡದಲ್ಲಿ ನಾಚಿರಾಜನ ಟೀಕೆ ಹುಟ್ಟಿದ್ದೂ, ಎರಡನೆಯ ನಾಗವರ್ಮನು ಅಭಿಧಾನವಸ್ತುಕೋಶವನ್ನು ರಚಿಸಿದ್ದೂ ಇಂಥ ಸೂಕ್ಷ್ಮಗಳು ಕನ್ನಡ ಕವಿಗಳ ಕೈಗೆ ಸಿಗಲೆಂದೇ.

ಅಚ್ಚಗನ್ನಡದ ಗಂಧವಾಚಿ ಪದಗಳ ಚರಿತ್ರೆಯೂ ಕಡಿಮೆ ಸ್ವಾರಸ್ಯದ್ದಲ್ಲ. ಹಳಗನ್ನಡದ ನಾಱು ಎಂಬ ಧಾತು ವಾಸನೆ ಬೀರುವುದನ್ನು ಹೇಳುತ್ತಿತ್ತು. ಒಳ್ಳೆಯದು ಕೆಟ್ಟದ್ದೆಂಬ ಕಟ್ಟು ಅದಕ್ಕಿರಲಿಲ್ಲ. ಸುಗಂಧವನ್ನು ಹೇಳುವ ನಱು ಎಂಬ ವಿಶೇಷಣ ನರುಗಂಪು ಎಂಬ ಸಮಾಸದಲ್ಲಿ ಇಂದಿಗೂ ಉಳಿದಿದೆ. ಆದರೆ ನಾರು, ನಾತ ಎಂಬ ರೂಪಗಳು ಹೊಸಗನ್ನಡಕ್ಕೆ ಬರುವಷ್ಟರಲ್ಲಿ ದುರ್ವಾಸನೆಗೆ ಮೀಸಲಾದವು. ತಮಿಳಿನ ನಾಱ್ಱಂ ಎಂಬ ಪದದ ಗತಿಯೂ ಇದೇ. ಸಂಸ್ಕೃತದಿಂದ ಬಂದ ವಾಸನೆಯೆಂಬ ಮಾತು ಕೂಡ ಕನ್ನಡದ ಆಡುನುಡಿಯಲ್ಲಿ ಮೆಲ್ಲನೆ ಕೆಳಗಿಳಿಯುತ್ತಿದೆ. ‘ವಾಸನೆ ಬರುತ್ತಿದೆ’ ಎಂದರೆ ಕೇಳಿದವರು ಮೂಗು ಮುಚ್ಚಿಕೊಳ್ಳುತ್ತಾರೆಯೇ ಹೊರತು ಅರಳಿಸುವುದಿಲ್ಲ.

ಇನ್ನೊಂದು ವಿಚಿತ್ರವನ್ನೂ ಇಲ್ಲಿ ಕಾಣಬಹುದು. ಕೆಟ್ಟ ವಾಸನೆಗೆ ಕನ್ನಡದಲ್ಲಿ ಸ್ವತಂತ್ರ ಹೆಸರುಗಳು ಹಲವು. ಹಳಸಿದ ಎಣ್ಣೆಗೆ ಕಮಟು, ಒಗ್ಗರಣೆಯ ಮೆಣಸಿನಕಾಯಿಗೆ ಘಾಟು, ಗಾಳಿಯಾಡದ ಧಾನ್ಯಕ್ಕೆ ಮುಗ್ಗಲು, ಕೊಳೆತದ್ದಕ್ಕೆ ಗಬ್ಬು. ಇವು ಯಾವುವೂ ಒಂದು ವಸ್ತುವಿನ ಹೆಸರನ್ನು ಸಾಲ ಪಡೆದವಲ್ಲ. ಒಳ್ಳೆಯ ಕಂಪಿಗೆ ಬಂದಾಗ ಮಾತ್ರ ಘಮಘಮ ಎಂಬ ಅನುಕರಣ ಪದ, ಇಲ್ಲವೇ ಹೂವಿನ ಹೆಸರು. ಅಪಾಯವನ್ನು ಬೇಗ ಹೆಸರಿಸುವುದು ಅಡುಗೆಮನೆಗೂ ಉಗ್ರಾಣಕ್ಕೂ ಅಗತ್ಯವಾಗಿತ್ತು. ಸುಖಕ್ಕೆ ಆ ಅವಸರವಿರಲಿಲ್ಲ. ಸುಖಕ್ಕೆ ಹೆಸರು ಬೇಕಾದದ್ದು ಅದನ್ನು ಮಾರುವ, ಕೊಳ್ಳುವ, ಬೆರಸುವ ಕಡೆಗಳಲ್ಲಿ.

ಪರೀಕ್ಷಕನ ಭಾಷೆ

ಅಂಥ ಒಂದು ಕಡೆ ಅರಮನೆಯ ಬೊಕ್ಕಸ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಬೊಕ್ಕಸಕ್ಕೆ ಬರುವ ಅಮೂಲ್ಯ ವಸ್ತುಗಳ ಪರೀಕ್ಷೆಯ ಭಾಗವಿದೆ. ಶತಮಾನಗಳ ಕಾಲ ಹೆಸರಾಗಿಯಷ್ಟೇ ಉಳಿದಿದ್ದ ಈ ಗ್ರಂಥ ಬೆಳಕಿಗೆ ಬಂದದ್ದು ಮೈಸೂರಿನ ಪ್ರಾಚ್ಯಗ್ರಂಥಾಲಯದಲ್ಲಿ, ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚಿಗೆ ತಂದರು. ಶ್ರೀಗಂಧದ ನಾಡಿನಲ್ಲಿಯೇ ಶ್ರೀಗಂಧದ ಅತಿ ಹಳೆಯ ಪರೀಕ್ಷಾವಿವರಗಳಲ್ಲೊಂದು ಮತ್ತೆ ಓದುಗರ ಕೈ ಸೇರಿದ್ದು ಒಂದು ಯೋಗಾಯೋಗ.

ಕೌಟಿಲ್ಯನು ಚಂದನದ ಬಗೆಗಳನ್ನು ಹುಟ್ಟಿದ ನೆಲ, ಬಣ್ಣ, ಕಂಪು ಎಂಬ ಮೂರು ಗುರುತುಗಳಿಂದ ಬೇರ್ಪಡಿಸುತ್ತಾನೆ. ಸಾತನವೆಂಬ ಬಗೆ ಕೆಂಪು, ಅದಕ್ಕೆ ಮಣ್ಣಿನ ಕಂಪು. ಗೋಶೀರ್ಷಕದ ಬಣ್ಣ ಕಪ್ಪು ಬೆರೆತ ತಾಮ್ರ, ಅದಕ್ಕೆ ಮೀನಿನ ವಾಸನೆ. ಹರಿಚಂದನ ಗಿಳಿಯ ಗರಿಯ ಬಣ್ಣದ್ದು, ಅದಕ್ಕೆ ಮಾವಿನ ಕಂಪು. ದೈವಸಭೇಯ ಕೆಂಪು, ಅದಕ್ಕೆ ತಾವರೆಯ ಕಂಪು. ಒಂದು ಬಗೆಗಂತೂ ಆಡಿನ ಮೂತ್ರದ ವಾಸನೆಯೆಂದು ಆತ ಸಂಕೋಚವಿಲ್ಲದೆ ಬರೆಯುತ್ತಾನೆ. ಕವಿಯಾಗಿದ್ದರೆ ಚಂದನವನ್ನು ಮೀನಿಗೂ ಆಡಿಗೂ ಹೋಲಿಸುವ ಧೈರ್ಯ ಮಾಡುತ್ತಿರಲಿಲ್ಲ. ಇಲ್ಲಿ ಮಾತನಾಡುತ್ತಿರುವುದು ಮೋಸ ಹೋಗಬಾರದ ಅಧಿಕಾರಿಯ ಮೂಗು.

ಬಗೆಗಳನ್ನು ಹೆಸರಿಸಿದ ಮೇಲೆ ಆತ ಒಳ್ಳೆಯ ಚಂದನದ ಹನ್ನೊಂದು ಗುಣಗಳನ್ನು ಎಣಿಸುತ್ತಾನೆ. ಅದು ಹಗುರಾಗಿರಬೇಕು, ಜಿಡ್ಡಿರಬೇಕು, ಬೇಗ ಒಣಗಬಾರದು, ತುಪ್ಪದಂತೆ ಮೈಗೆ ಹಿಡಿಯಬೇಕು, ಹಿತವಾದ ಕಂಪಿರಬೇಕು, ಚರ್ಮದೊಳಕ್ಕೆ ಇಳಿಯಬೇಕು, ಮೂಗಿಗೆ ಅಬ್ಬರಿಸಬಾರದು, ಬಣ್ಣಗೆಡಬಾರದು, ಶಾಖವನ್ನು ತಾಳಬೇಕು, ಮೈಯ ಉರಿಯನ್ನು ಹೀರಬೇಕು, ಸೋಕಿದರೆ ಸುಖವೆನಿಸಬೇಕು. ಇವುಗಳಲ್ಲಿ ನೇರವಾಗಿ ಮೂಗಿಗೆ ಸಂಬಂಧಿಸಿದವು ಎರಡೇ. ಉಳಿದವು ಕೈಗೆ, ಕಣ್ಣಿಗೆ, ಮೈಗೆ, ಕಾಲಕ್ಕೆ ಸಂಬಂಧಿಸಿದವು. ಮೂಗಿನ ಬಡತನವನ್ನು ಪರೀಕ್ಷಕನು ಉಳಿದ ಇಂದ್ರಿಯಗಳ ಸಿರಿಯಿಂದ ತುಂಬಿಕೊಂಡಿದ್ದಾನೆ.

ಅಗುರುವಿನ ಗುಣಗಳನ್ನು ಹೇಳುವಾಗ ಆತನ ಅಳತೆಗೋಲು ಬದಲಾಗುತ್ತದೆ. ಅಗುರು ಭಾರವಾಗಿರಬೇಕು, ದೂರ ಹರಡಬೇಕು, ಬೆಂಕಿಯನ್ನು ತಾಳಬೇಕು, ಅದರ ಹೊಗೆ ಕದಡಬಾರದು, ಉಜ್ಜಿದರೂ ಕಂಪು ಉಳಿಯಬೇಕು. ಚಂದನದಲ್ಲಿ ಅಬ್ಬರಿಸದಿರುವುದು ಗುಣ, ಅಗುರುವಿನಲ್ಲಿ ದೂರ ನಡೆಯುವುದು ಗುಣ. ಒಂದು ಮೈಗೆ ಬಳಿಯುವ ದ್ರವ್ಯ, ಇನ್ನೊಂದು ಕೆಂಡಕ್ಕೆ ಹಾಕುವ ದ್ರವ್ಯ. ಬಳಕೆಯೇ ಗುಣವನ್ನು ನಿಶ್ಚಯಿಸುತ್ತದೆ ಎಂಬ ಈ ತಿಳಿವು ಇಂದಿನ ಗಂಧದ ಅಂಗಡಿಯಲ್ಲಿಯೂ ಸಲ್ಲುತ್ತದೆ. ಮೈಗೆ ಹತ್ತಿಕೊಂಡು ಮೆಲ್ಲನೆ ಉಸಿರಾಡುವ ಎಣ್ಣೆ ಬೇಕೋ, ಕೋಣೆ ತುಂಬುವ ಎಣ್ಣೆ ಬೇಕೋ ಎಂದು ಮಾರುವವನು ಗಿರಾಕಿಯನ್ನು ಕೇಳುವ ಪ್ರಶ್ನೆ ಚಂದನ ಮತ್ತು ಅಗುರುಗಳ ನಡುವೆ ಕೌಟಿಲ್ಯ ಕಂಡ ಭೇದವೇ ಆಗಿದೆ.

ಗಂಧವೂ ಗಣಿತವೂ

ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಅಲ್ಲಿರುವ ಒಂದು ಎಣ್ಣೆಯ ವಿಧಾನ ವಿಶೇಷ ಗಮನಕ್ಕೆ ಅರ್ಹವಾದುದು. ಮಂಜಿಷ್ಠ, ವ್ಯಾಘ್ರನಖ, ಶುಕ್ತಿ, ಲವಂಗಚಕ್ಕೆ, ಕೋಷ್ಠ, ಬೋಳ ಇವುಗಳ ಪುಡಿಯನ್ನು ಎಣ್ಣೆಯಲ್ಲಿ ಬೆರಸಿ ಬಿಸಿಲಿನಲ್ಲಿ ಕಾಯಿಸಿದರೆ ಆ ಎಣ್ಣೆಗೆ ಸಂಪಿಗೆಯ ಕಂಪು ಬರುತ್ತದೆಂದು ಆತ ಹೇಳುತ್ತಾನೆ. ಈ ಪಟ್ಟಿಯಲ್ಲಿ ಸಂಪಿಗೆಯ ಒಂದು ಎಸಳೂ ಇಲ್ಲ. ಬೇರು, ತೊಗಟೆ, ಚಿಪ್ಪು, ಅಂಟುಗಳು ಸೇರಿ ಹೂವಿನ ಭ್ರಮೆಯನ್ನು ಕಟ್ಟುತ್ತವೆ. ಕಂಪಿನ ಹೆಸರು ಅದರ ಮೂಲದಿಂದ ಕಳಚಿಕೊಂಡ ಸಂದರ್ಭವಿದು. ‘ಸಂಪಿಗೆ’ ಎಂಬುದು ಇಲ್ಲಿ ಹೂವಿನ ಹೆಸರಾಗಿ ಉಳಿಯದೆ ಒಂದು ಗುಣದ ಹೆಸರಾಗಿದೆ. ಕೆಂಪು, ಹುಳಿ ಎಂಬ ಮಾತುಗಳು ಹೇಗೋ ಹಾಗೆ.

ಅದೇ ಅಧ್ಯಾಯದಲ್ಲಿ ಹದಿನಾರು ದ್ರವ್ಯಗಳನ್ನು ನಾಲ್ಕು ಸಾಲು, ನಾಲ್ಕು ಕಂಬಗಳ ಕೋಷ್ಠಕದಲ್ಲಿ ಇರಿಸುವ ಕ್ರಮವಿದೆ. ಒಂದೊಂದು ಮನೆಯಲ್ಲಿಯೂ ಆ ದ್ರವ್ಯದ ಭಾಗಗಳ ಸಂಖ್ಯೆ ಇರುತ್ತದೆ. ಮೊದಲ ಸಾಲಿನಲ್ಲಿ 2, 3, 5, 8. ಎರಡನೆಯದರಲ್ಲಿ 5, 8, 2, 3. ಮೂರನೆಯದರಲ್ಲಿ 4, 1, 7, 6. ನಾಲ್ಕನೆಯದರಲ್ಲಿ 7, 6, 4, 1. ಅಡ್ಡಲಾಗಿ ಕೂಡಿದರೂ, ಉದ್ದಕ್ಕೆ ಕೂಡಿದರೂ, ಮೂಲೆಯಿಂದ ಮೂಲೆಗೆ ಕೂಡಿದರೂ ಮೊತ್ತ 18. ಹೀಗೆ ಎತ್ತಿಕೊಂಡ ಯಾವ ನಾಲ್ಕು ದ್ರವ್ಯಗಳಾದರೂ ಒಂದು ಒಳ್ಳೆಯ ಗಂಧವನ್ನು ಕೊಡುತ್ತವೆಂಬುದರಿಂದ ಈ ಕೋಷ್ಠಕಕ್ಕೆ ಸರ್ವತೋಭದ್ರವೆಂದು ಹೆಸರು. ಚಂದನ, ಅಗುರು, ಜಟಾಮಾಂಸಿ, ಭದ್ರಮುಷ್ಟಿ, ತಗರ ಮೊದಲಾದವು ಈ ಹದಿನಾರರಲ್ಲಿ ಸೇರಿವೆ. ಬೆರಸಿದ ಗಂಧವನ್ನು ಕಸ್ತೂರಿ ಕರ್ಪೂರಗಳಿಂದ ಎಚ್ಚರಿಸಿ, ಬೆಲ್ಲ ಮತ್ತು ನಖದ ಹೊಗೆಯನ್ನು ಕೊಡಬೇಕೆಂಬ ವಿಧಿಯೂ ಇದೆ.

ಹದಿನಾರು ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆರಿಸುವ ಬಗೆಗಳು 1820 ಎಂದು ವರಾಹಮಿಹಿರ ಲೆಕ್ಕ ಕೊಡುತ್ತಾನೆ. ನಾಲ್ಕರ ಒಂದೊಂದು ಗುಂಪಿನಲ್ಲಿಯೂ ಪ್ರಮಾಣಭೇದದಿಂದ 96 ಬಗೆಗಳು ಹುಟ್ಟುವುದರಿಂದ ಒಟ್ಟು ಗಂಧಗಳು 1,74,720. ಈ ಸಂಖ್ಯೆಯಷ್ಟು ಗಂಧಗಳನ್ನು ಯಾವ ಗಂಧಿಗನೂ ಬೆರಸಿರಲಾರ. ಆದರೆ ಎರಡೇ ಹೆಸರುಗಳಿದ್ದ ಗಂಧಕ್ಕೆ ಲಕ್ಷಕ್ಕೂ ಮಿಕ್ಕ ವಿಳಾಸಗಳು ಇದರಿಂದ ದೊರೆತವು. ಒಂದು ಕಂಪನ್ನು ಮಾತಿನಲ್ಲಿ ವರ್ಣಿಸಲಾಗದಿದ್ದರೂ ಇಂತಿಂಥ ದ್ರವ್ಯ, ಇಷ್ಟಿಷ್ಟು ಭಾಗ ಎಂದು ಬರೆದಿಟ್ಟರೆ ಬೇರೊಂದು ಊರಿನಲ್ಲಿ, ಬೇರೊಂದು ಕಾಲದಲ್ಲಿ ಅದನ್ನು ಮತ್ತೆ ಹುಟ್ಟಿಸಬಹುದು.

ಈ ಎಣಿಕೆಯ ಹಿಂದಿರುವ ಗಣಿತ ಕನ್ನಡ ನಾಡಿನಲ್ಲಿ ಇನ್ನಷ್ಟು ನಿಚ್ಚಳವಾಯಿತು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಆಯ್ಕೆಗಳ ಸಂಖ್ಯೆಯನ್ನು ಕಾಣುವ ಸಾಮಾನ್ಯ ಸೂತ್ರವನ್ನು ಹೇಳಿದ್ದಾನೆ. ಅದರಂತೆ 16, 15, 14, 13 ಇವುಗಳ ಗುಣಲಬ್ಧವನ್ನು 1, 2, 3, 4 ಇವುಗಳ ಗುಣಲಬ್ಧದಿಂದ ಭಾಗಿಸಿದರೆ, ಅಂದರೆ 43,680ನ್ನು 24ರಿಂದ ಭಾಗಿಸಿದರೆ, 1820 ನೇರವಾಗಿ ದೊರೆಯುತ್ತದೆ. ಮಹಾವೀರನು ಉದಾಹರಣೆಗೆ ಎತ್ತಿಕೊಳ್ಳುವುದು ರಸಗಳನ್ನು, ಹಾರದಲ್ಲಿ ಪೋಣಿಸುವ ರತ್ನಗಳನ್ನು. ನಾಲಗೆ ಮತ್ತು ಕಣ್ಣುಗಳ ಸುಖ ಆತನ ಶಾಲೆಯಲ್ಲಿ ಲೆಕ್ಕವಾಯಿತು. ಮೂಗಿನ ಸುಖ ಅದಕ್ಕೂ ಮೊದಲೇ ವರಾಹಮಿಹಿರನಲ್ಲಿ ಲೆಕ್ಕವಾಗಿತ್ತು. ಮುಂದೆ ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದು ಅಂಗಡಿ ಬೀದಿಯ ಲೆಕ್ಕವನ್ನು ದೇಶಭಾಷೆಗೆ ತಂದನು.

ಕನ್ನಡ ನಾಡಿನ ಗಂಧಿಗರು

ಗಂಧಯುಕ್ತಿಯೂ ಕನ್ನಡಕ್ಕೆ ಬಂದಿತು. ಕಲ್ಯಾಣ ಚಾಲುಕ್ಯರ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನ ಲೋಕೋಪಕಾರವು ಹನ್ನೊಂದನೆಯ ಶತಮಾನದ ಕನ್ನಡ ವಿಶ್ವಕೋಶ. ಈತನು ಗೊಮ್ಮಟನನ್ನು ಮಾಡಿಸಿದ, ಚಾವುಂಡರಾಯಪುರಾಣದ ಕರ್ತೃವಾದ ಚಾವುಂಡರಾಯನಿಂದ ಬೇರೆಯವನು. ಜ್ಯೋತಿಷ, ವಾಸ್ತು, ಜಲಶೋಧನೆ, ವೃಕ್ಷಾಯುರ್ವೇದ, ಸೂಪಶಾಸ್ತ್ರ, ವೈದ್ಯಗಳ ಜೊತೆಯಲ್ಲಿ ಗಂಧಯುಕ್ತಿಗೂ ಅಲ್ಲಿ ಸ್ಥಾನವಿದೆ. ಬಾವಿ ತೋಡುವುದು, ಗಿಡ ನೆಡುವುದು, ಅಡುಗೆ ಮಾಡುವುದು ಇವುಗಳ ಸಾಲಿನಲ್ಲಿ ಗಂಧ ಬೆರಸುವುದನ್ನು ಇರಿಸಿರುವುದೇ ಒಂದು ಸಾಕ್ಷ್ಯ. ಅದನ್ನು ಸಂಸ್ಕೃತ ಬಲ್ಲ ಆಸ್ಥಾನಿಕರ ಶೋಕಿಯೆಂದು ಗ್ರಂಥಕಾರ ಎಣಿಸಲಿಲ್ಲ. ಲೋಕಕ್ಕೆ ಉಪಕಾರವಾಗುವ ವಿದ್ಯೆಯೆಂದು ಎಣಿಸಿದನು.

ಒಂದು ಶತಮಾನದ ಬಳಿಕ ಅದೇ ವಂಶದ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವನ್ನು ಸಂಸ್ಕೃತದಲ್ಲಿ ರಚಿಸಿದಾಗ ಸ್ನಾನ, ವಿಲೇಪನ, ಧೂಪಗಳನ್ನು ರಾಜನ ಇಪ್ಪತ್ತು ಉಪಭೋಗಗಳಲ್ಲಿ ಎಣಿಸಿದನು. ಸ್ನಾನಭೋಗದಲ್ಲಿ ಬರುವ ಅಭ್ಯಂಜನದ ಎಣ್ಣೆಗೆ ಕೇದಗೆ, ಸುರಹೊನ್ನೆ, ಸಂಪಿಗೆ ಮೊದಲಾದ ಹೂವುಗಳಿಂದ ವಾಸನೆಗೊಳಿಸಿದ ಎಳ್ಳು ಬೇಕು. ಹೂವಿನ ಕಂಪನ್ನು ಎಣ್ಣೆಗೆ ಸೇರಿಸುವ ಬದಲು ಎಳ್ಳಿಗೇ ಕುಡಿಸಿ, ಬಳಿಕ ಗಾಣಕ್ಕೆ ಹಾಕುವ ಈ ಕ್ರಮ ಉತ್ತರದಲ್ಲಿ ಫುಲೇಲ್ ಎಂಬ ಹೆಸರಿನಿಂದ ಬಹುಕಾಲ ಬಾಳಿತು. ಕಾಳು ಜಿಡ್ಡಿನದಾದ್ದರಿಂದ ಹೂವು ಬಾಡುವ ಮುನ್ನವೇ ಅದರ ಕಂಪನ್ನು ಹೀರಿಕೊಳ್ಳುತ್ತದೆ. ಶಾಖದ ಸೋಂಕಿಲ್ಲದ್ದರಿಂದ ಮಲ್ಲಿಗೆಯಂಥ ಸುಕುಮಾರವಾದ ಕಂಪೂ ಕೆಡುವುದಿಲ್ಲ.

ಗಂಧವನ್ನು ಶಿಫಾರಸು ಮಾಡುವಾಗ ಈ ಪರಂಪರೆ ಮೊದಲು ನೋಡುತ್ತಿದ್ದುದು ಋತುವನ್ನು. ಚರಕಸಂಹಿತೆಯ ಋತುಚರ್ಯೆಯಲ್ಲಿ ಹೇಮಂತಕ್ಕೆ ಅಗುರುವಿನ ಲೇಪ, ಗ್ರೀಷ್ಮಕ್ಕೆ ಚಂದನದ ಲೇಪ ವಿಹಿತವಾಗಿದೆ. ಮಾನಸೋಲ್ಲಾಸವೂ ವಿಲೇಪನವನ್ನು ಋತುಮಾನಕ್ಕೆ ಹೊಂದಿಸುತ್ತದೆ. ತಂಪು, ಬಿಸಿ ಎಂಬ ಸ್ಪರ್ಶದ ಮಾತುಗಳು ಹೀಗೆ ಕಂಪಿನ ಮಾತುಗಳಾದವು. ಶ್ರೀಗಂಧ ತಂಪು, ಕಸ್ತೂರಿ ಉಷ್ಣ ಎಂದು ಇಂದಿಗೂ ಕನ್ನಡದ ಮನೆಗಳಲ್ಲಿ ಹೇಳುವ ಮಾತಿನ ಬೇರು ಇಲ್ಲಿದೆ. ಮಧ್ಯಯುಗದ ಗಂಗಾಧರನ ಗಂಧಸಾರವು ಗಂಧಿಗನ ಕ್ರಿಯೆಗಳನ್ನು ಭಾವನ, ಪಾಚನ, ಬೋಧ, ವೇಧ, ಧೂಪನ, ವಾಸನ ಎಂದು ಆರಾಗಿ ವಿಂಗಡಿಸುತ್ತದೆ. ನೆನೆಸುವುದು, ಬೇಯಿಸುವುದು, ಎಚ್ಚರಿಸುವುದು, ಚುಚ್ಚುವುದು, ಹೊಗೆಯೂಡುವುದು, ಹೂವಿನೊಡನೆ ಇರಿಸುವುದು ಎಂದು ಇವನ್ನು ತಿಳಿಯಬಹುದು. ಇಲ್ಲಿನ ಎಚ್ಚರಿಸುವುದು, ಚುಚ್ಚುವುದು ಎಂಬ ಮಾತುಗಳು ನಿದ್ರಿಸುವ ಜೀವಿಯೊಂದರ ಚಿತ್ರವನ್ನು ಕೊಡುತ್ತವೆ. ಮಂದವಾದ ಗಂಧಕ್ಕೆ ತೀಕ್ಷ್ಣದ್ರವ್ಯವನ್ನು ಕೊಂಚವೇ ಸೇರಿಸಿ ಮೇಲೆಬ್ಬಿಸುವುದನ್ನು ಇದಕ್ಕಿಂತ ಅಡಕವಾಗಿ ಹೇಳುವುದು ಕಷ್ಟ.

ಭೋಗ ಮತ್ತು ಮಿತಿ

ಇಷ್ಟೆಲ್ಲ ಭೋಗವಾರ್ತೆಯ ನಡುವೆ ಗಂಧಕ್ಕೆ ಇನ್ನೊಂದು ಬಾಳುವೆಯೂ ಇತ್ತು. ಜೈನರ ಅಷ್ಟವಿಧಾರ್ಚನೆಯಲ್ಲಿ ಜಲ, ಗಂಧ, ಅಕ್ಷತೆ, ಪುಷ್ಪ, ಚರು, ದೀಪ, ಧೂಪ, ಫಲ ಎಂಬ ಎಂಟು ದ್ರವ್ಯಗಳು. ಗಂಧ ಮತ್ತು ಧೂಪ ನೇರವಾಗಿ ಕಂಪಿಗೆ ಸೇರಿದವು. ಹೊಯ್ಸಳ ಕಾಲದ ಬಸದಿಗಳಿಗೆ ಬಿಟ್ಟ ದತ್ತಿಗಳ ಶಾಸನಗಳಲ್ಲಿ ಜೀರ್ಣೋದ್ಧಾರ ಮತ್ತು ಆಹಾರದಾನದ ಜೊತೆಗೆ ಅಷ್ಟವಿಧಾರ್ಚನೆ ಮೇಲಿಂದ ಮೇಲೆ ಬರುತ್ತದೆ. ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಆರೆತಿಪ್ಪೂರು ಅಂಥ ಹಳೆಯ ಜೈನಕೇಂದ್ರ. ವಿಷ್ಣುವರ್ಧನನ ದಂಡನಾಯಕ ಗಂಗರಾಜನು ತಲಕಾಡನ್ನು ಚೋಳರಿಂದ ಗೆದ್ದುಕೊಟ್ಟು, ಮೆಚ್ಚಿಗೆ ಪಡೆದ ತಿಪ್ಪೂರನ್ನು ದತ್ತಿಯಾಗಿ ಬಿಟ್ಟುದನ್ನು 1117ರ ಶಾಸನ ತಿಳಿಸುತ್ತದೆ. ಅಷ್ಟವಿಧಾರ್ಚನೆಗೆ ಭೂಮಿ ಬಿಟ್ಟ ಕಡೆಯಲ್ಲೆಲ್ಲ ಆ ಗದ್ದೆಯ ಹುಟ್ಟುವಳಿಯಲ್ಲಿ ಒಂದು ಪಾಲು ಗಂಧಕ್ಕೂ ಧೂಪಕ್ಕೂ ಸಂದಿತೆಂದು ತಿಳಿಯಬೇಕು. ನಿತ್ಯದ ಕಂಪಿನ ಹಿಂದೆ ಭೂಮಿಯ ಆದಾಯವಿತ್ತು.

ಅದೇ ಪರಂಪರೆ ಗೃಹಸ್ಥನ ಮೈಯ ಗಂಧಕ್ಕೆ ಮಿತಿಯನ್ನೂ ಹಾಕಿತು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಗಳ ಪರಿಮಾಣವನ್ನು ಹೇಳುವಾಗ ಊಟ, ವಾಹನ, ಹಾಸಿಗೆ, ಸ್ನಾನಗಳೊಂದಿಗೆ ಅಂಗರಾಗವೂ ಹೂವೂ ಬರುತ್ತವೆ. ಇಷ್ಟು ಕಾಲಕ್ಕೆ ಇಷ್ಟೇ ಎಂದು ಗೃಹಸ್ಥ ತಾನೇ ಗೆರೆ ಎಳೆದುಕೊಳ್ಳಬೇಕು. ಉಪವಾಸದ ದಿನ ಗಂಧ ಪುಷ್ಪಗಳನ್ನು ಪೂರ್ತಿಯಾಗಿ ಬಿಡಬೇಕು. ದಿಗಂಬರ ಮುನಿಗಾದರೋ ಅಸ್ನಾನವೇ ಮೂಲಗುಣಗಳಲ್ಲೊಂದು; ಅಂಗರಾಗದ ಮಾತೇ ಇಲ್ಲ.

ಗಂಧದ್ರವ್ಯಗಳ ಮೂಲವನ್ನು ನೆನೆದರೆ ಈ ಮಿತಿಯ ಇನ್ನೊಂದು ಮುಖ ಕಾಣುತ್ತದೆ. ಕಸ್ತೂರಿಯು ಗಂಡು ಕಸ್ತೂರಿಮೃಗದ ಗ್ರಂಥಿಯಿಂದ, ಪುನುಗು ಪುನುಗಿನ ಬೆಕ್ಕಿನಿಂದ, ನಖವು ಕಡಲ ಶಂಖಜಾತಿಯ ಜೀವಿಯ ಮುಚ್ಚಳದಿಂದ ಬರುವಂಥವು. ವರಾಹಮಿಹಿರನ ಸಂಪಿಗೆಯೆಣ್ಣೆಯಲ್ಲಿಯೇ ನಖವುಂಟು. ಅಹಿಂಸೆಯನ್ನು ವ್ರತವಾಗಿ ಹಿಡಿದವರಿಗೆ ‘ಇದು ಯಾವುದರ ಕಂಪು’ ಎಂಬ ಪ್ರಶ್ನೆ ರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಮೂಲದ ಹೆಸರಿನಿಂದ ಗಂಧವನ್ನು ಕರೆಯುವ ಭಾಷೆಯ ಬಡತನವೇ ಇಲ್ಲಿ ಒಂದು ಸತ್ಯವನ್ನು ಕಾಪಾಡುತ್ತದೆ: ಕಸ್ತೂರಿ ಎಂದೊಡನೆ ಮೃಗ ಕಣ್ಣೆದುರು ಬರುತ್ತದೆ. ಕಂಪಿನ ಹೆಸರು ಮೂಲದಿಂದ ಕಳಚಿಕೊಂಡಾಗ ಆ ಮೃಗ ಮರೆಗೆ ಸರಿಯುತ್ತದೆ. ಇವೆಲ್ಲವುಗಳ ಎದುರು ಶ್ರೀಗಂಧ ಸಸ್ಯಮೂಲದ್ದು, ತಂಪಿನದು, ಅಬ್ಬರಿಸದ್ದು. ಪೂಜೆಗೂ ಲೇಪಕ್ಕೂ ಅದು ನಿರ್ವಿವಾದವಾಗಿ ಒಪ್ಪಿಗೆಯಾದುದರಲ್ಲಿ ಆಶ್ಚರ್ಯವಿಲ್ಲ.

ಬ್ಲಫ್‌ನ ದಂಡೆ

ಮಳವಳ್ಳಿ ತಾಲ್ಲೂಕಿನ ಅಂಚಿನಲ್ಲಿ ಕಾವೇರಿಯು ಶಿವನಸಮುದ್ರದ ನಡುಗಡ್ಡೆಯನ್ನು ಬಳಸಿ ಎರಡಾಗಿ ಧುಮ್ಮಿಕ್ಕುತ್ತದೆ. ಗಗನಚುಕ್ಕಿಯ ಬದಿಯ ಕಡಿದಾದ ದಂಡೆಗೆ ಬ್ಲಫ್ ಎಂಬ ಹೆಸರು. ಕಡಿದಾದ ದಂಡೆಯನ್ನೇ ಸೂಚಿಸುವ ಇಂಗ್ಲಿಷ್ ಪದ ಊರ ಹೆಸರಾಗಿ ನಿಂತಿದೆ. 1902ರ ಜೂನ್ 30ರಂದು ಇಲ್ಲಿನ ವಿದ್ಯುದಾಗಾರ ಆರಂಭವಾಗಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಇದೇ ವಿದ್ಯುತ್ತಿನಿಂದ ಬೆಳಗಿದವು. ಆ ಕಾಲದಲ್ಲಿ ಈ ದಂಡೆ ಮೈಸೂರು ಸಂಸ್ಥಾನದ್ದು. ಎದುರಿನ ಕೊಳ್ಳೇಗಾಲ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರಲ್ಲಿಯೇ ಎರಡೂ ದಂಡೆಗಳು ಒಂದು ರಾಜ್ಯಕ್ಕೆ ಸೇರಿದ್ದು.

ಹೊಳೆ ಎರಡು ಆಡಳಿತಗಳ ಗಡಿಯಾಗಿದ್ದರೂ ಕಾಡು ಗಡಿಯನ್ನು ಅರಿಯದು. ಈ ಸುತ್ತಿನ ಮಳೆ ಕಡಿಮೆಯ, ಎಲೆಯುದುರುವ ಕುರುಚಲು ಕಾಡು ಶ್ರೀಗಂಧದ ಸಹಜವಾದ ನೆಲೆ. ಕೊಳ್ಳೇಗಾಲದ ಕಾಡುಗಳಂತೂ ಶ್ರೀಗಂಧಕ್ಕೆ ಹೆಸರಾದವು. ಶ್ರೀಗಂಧವು ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ತಗುಲಿಸಿ ಬದುಕುವ ಅರೆಪರಾವಲಂಬಿ ಮರ. ಎಳೆಯ ಮರದಲ್ಲಿ ಕಂಪಿಲ್ಲ. ವರ್ಷಗಳು ಕಳೆದಂತೆ ಒಳಗೆ ಕಟ್ಟುವ ಚೇಗಿನಲ್ಲಿಯೂ ಬೇರಿನಲ್ಲಿಯೂ ಎಣ್ಣೆ ನೆಲೆಗೊಳ್ಳುತ್ತದೆ. ಮೈಸೂರು ಸಂಸ್ಥಾನದಲ್ಲಿ ಇದು ರಾಜವೃಕ್ಷ. ಟಿಪ್ಪುವಿನ ಕಾಲದಿಂದ ಬಂದುದೆಂದು ಹೇಳಲಾಗುವ ಈ ಕಟ್ಟಳೆಯಂತೆ ಮರ ಯಾರ ಹೊಲದಲ್ಲಿ ಬೆಳೆದರೂ ಒಡೆತನ ಸರಕಾರದ್ದಾಗಿತ್ತು. ಹೊಲದ ಒಡೆಯನಿಗೆ ಮರದ ಒಡೆತನ ದೊರೆತದ್ದು ಕರ್ನಾಟಕ ಅರಣ್ಯ ಕಾಯಿದೆಗೆ 2001ರಲ್ಲಿ ಆದ ತಿದ್ದುಪಡಿಯಿಂದ.

1914ರವರೆಗೆ ಮೈಸೂರಿನ ಗಂಧದ ಕೊರಡು ಹರಾಜಿನಲ್ಲಿ ಮಾರಾಟವಾಗಿ ಬಹುಪಾಲು ಯೂರೋಪಿಗೆ, ವಿಶೇಷವಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಮೊದಲ ಮಹಾಯುದ್ಧ ಆ ದಾರಿಯನ್ನು ಮುಚ್ಚಿತು. ಕೊರಡು ಉಳಿಯಿತು, ಕೊಳ್ಳುವವರಿಲ್ಲವಾದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿ. ಕೈಗಾರಿಕೆಯ ನಿರ್ದೇಶಕ ಆಲ್ಫ್ರೆಡ್ ಚಾಟರ್ಟನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಎಣ್ಣೆಯನ್ನು ಇಲ್ಲಿಯೇ ಬಟ್ಟಿಯಿಳಿಸುವ ಪ್ರಯತ್ನಕ್ಕೆ ತೊಡಗಿದರು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ಇಳಿಯಿತು. ಮರುವರ್ಷ ಮೈಸೂರಿನ ಕಾರ್ಖಾನೆ ನಡೆಯತೊಡಗಿತು. ಬ್ಲಫ್‌ನಿಂದ ಹೊಳೆಯ ಮೇಲ್ಭಾಗಕ್ಕಿರುವ ಸೋಸಲೆಯ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿನಲ್ಲಿ ಸಾಬೂನಿನ ವಿದ್ಯೆಯನ್ನು ಕಲಿತು ಬಂದು ಮೈಸೂರು ಸ್ಯಾಂಡಲ್ ಸಾಬೂನಿಗೆ ರೂಪ ಕೊಟ್ಟರು. ಆನೆಯ ಸೊಂಡಿಲು, ಸಿಂಹದ ಒಡಲಿನ ಶರಭ ಅದರ ಲಾಂಛನವಾಯಿತು.

ಸಂಖ್ಯೆಯ ಭಾಷೆ, ಮೂಗಿನ ಭಾಷೆ

ಬಟ್ಟಿಯಿಂದ ಇಳಿದ ಎಣ್ಣೆಯನ್ನು ದೂರದೇಶದ ವ್ಯಾಪಾರಿಗೆ ಒಪ್ಪಿಸಲು ‘ಹಿತವಾದ ಕಂಪು’ ಎಂಬ ಮಾತು ಸಾಲದು. ಸ್ಯಾಂಟಲಾಲ್ ಎಂಬ ಘಟಕ ಶೇಕಡ 90ಕ್ಕೆ ಕಡಿಮೆಯಿಲ್ಲದಿರುವುದು ಒಳ್ಳೆಯ ಎಣ್ಣೆಯ ಗುರುತಾಯಿತು. ಅಂತರರಾಷ್ಟ್ರೀಯ ಪ್ರಮಾಣದಲ್ಲಿ ಈಗ ಆಲ್ಫಾ ಸ್ಯಾಂಟಲಾಲ್ ಶೇಕಡ 41ರಿಂದ 55, ಬೀಟಾ ಸ್ಯಾಂಟಲಾಲ್ ಶೇಕಡ 16ರಿಂದ 24 ಇರಬೇಕು. ಪರೀಕ್ಷಕನ ಹನ್ನೊಂದು ಗುಣಗಳ ಸ್ಥಾನದಲ್ಲಿ ಎರಡು ಸಂಖ್ಯೆಗಳು ಬಂದು ಕುಳಿತವು. ಕಲಬೆರಕೆಯನ್ನು ಹಿಡಿಯಲು ಇವು ಕೌಟಿಲ್ಯನ ಮಾತಿಗಿಂತ ಸಮರ್ಥವಾದವು. ಆದರೆ ತುಪ್ಪದಂತೆ ಹಿಡಿಯುತ್ತದೆ, ಚರ್ಮಕ್ಕಿಳಿಯುತ್ತದೆ, ಅಬ್ಬರಿಸುವುದಿಲ್ಲ ಎಂಬ ಮಾತುಗಳು ಹೇಳುವುದನ್ನು ಸಂಖ್ಯೆಗಳು ಹೇಳಲಾರವು.

ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಸೆಪ್ಟಿಮಸ್ ಪೀಸ್ ಎಂಬ ಗಂಧಿಗ ಕಂಪುಗಳನ್ನು ಸಂಗೀತದ ಸ್ವರಗಳಂತೆ ಶ್ರೇಣಿಯಲ್ಲಿ ಜೋಡಿಸಿದನು. ಇಂದಿನ ಅತ್ತರಿನ ವರ್ಣನೆಯಲ್ಲಿ ಮೊದಲ ಸ್ವರ, ನಡುವಿನ ಸ್ವರ, ತಳದ ಸ್ವರ ಎಂಬ ಮಾತು ವಾಡಿಕೆಯಲ್ಲಿದೆ. ನಿಂಬೆಯ ಜಾತಿಯವು ಮೊದಲು ಎದ್ದು ಬೇಗ ಹಾರಿಹೋಗುತ್ತವೆ, ಹೂವಿನವು ನಡುವೆ ನಿಲ್ಲುತ್ತವೆ, ಶ್ರೀಗಂಧ, ಅಗುರುಗಳಂಥವು ತಳದಲ್ಲಿ ಕೊನೆಯವರೆಗೆ ಉಳಿಯುತ್ತವೆ. ಕನೌಜಿನ ಅತ್ತರಿನವರು ಹೂವಿನ ಆವಿಯನ್ನು ಶ್ರೀಗಂಧದ ಎಣ್ಣೆಯ ಮೇಲೆಯೇ ಇಳಿಸುತ್ತಿದ್ದುದು ಈ ಕಾರಣದಿಂದ. ಹಾರಿಹೋಗುವ ಹೂವನ್ನು ಹಾರದ ಮರ ಹಿಡಿದಿಡುತ್ತದೆ. ಹುಟ್ಟುವ ಬಗೆ, ನಡೆಯುವ ದೂರ ಎಂಬ ಅಮರಕೋಶದ ಅಳತೆಗಳಿಗೆ ಕಾಲವೆಂಬ ಮೂರನೆಯ ಅಳತೆ ಇಲ್ಲಿ ಮುಖ್ಯವಾಗಿದೆ. ಬಣ್ಣಗೆಡದಿರುವುದು, ಶಾಖ ತಾಳುವುದು ಎಂಬ ಕೌಟಿಲ್ಯನ ಮಾತುಗಳಲ್ಲಿ ಅದರ ಬೀಜವೂ ಇತ್ತು.

ಈಗ ಕಾಡಿನ ಶ್ರೀಗಂಧ ವಿರಳವಾಗಿದೆ. ಕಳ್ಳತನ, ರೋಗ, ಅತಿಯಾದ ಕಡಿತಗಳಿಂದ ಅದು ಅಳಿವಿನ ಭಯದಲ್ಲಿರುವ ಮರಗಳ ಪಟ್ಟಿಯನ್ನು ಸೇರಿದೆ. ಗಂಧವೆಂಬ ಹೆಸರು ಹೊತ್ತ ಎಷ್ಟೋ ಕಡ್ಡಿ, ಎಣ್ಣೆ, ಸಾಬೂನುಗಳಲ್ಲಿ ಪ್ರಯೋಗಶಾಲೆಯ ದ್ರವ್ಯವಷ್ಟೇ ಇರುತ್ತದೆ. ಹೂವಿಲ್ಲದ ಸಂಪಿಗೆಯೆಣ್ಣೆಯನ್ನು ವರಾಹಮಿಹಿರನೂ ಬಲ್ಲನಾಗಿದ್ದನು. ಆದರೆ ಆತನ ಓದುಗನಿಗೆ ನಿಜವಾದ ಸಂಪಿಗೆ ಹಿತ್ತಿಲಲ್ಲಿಯೇ ಇತ್ತು, ಹೋಲಿಸಿ ನೋಡಬಹುದಿತ್ತು. ಪಂಪ, ರನ್ನ, ಜನ್ನರನ್ನು ಓದುವ ಇಂದಿನ ವಿದ್ಯಾರ್ಥಿಗಳಲ್ಲಿ ತೇಯ್ದ ಶ್ರೀಗಂಧವನ್ನು ಬಲ್ಲವರು ಕಡಿಮೆ; ಅಗುರು, ಕಕ್ಕೋಲಗಳನ್ನು ಮೂಸಿದವರು ಇನ್ನೂ ಕಡಿಮೆ. ಪದಕೋಶದಲ್ಲಿ ‘ಒಂದು ಬಗೆಯ ಸುಗಂಧದ್ರವ್ಯ’ ಎಂಬ ಅರ್ಥವನ್ನು ಕಂಡು ಮುಂದೆ ಹೋದರೆ ಗಂಧಕ್ಕೆ ಮತ್ತೆ ಎರಡೇ ಹೆಸರುಗಳು ಉಳಿಯುತ್ತವೆ.

ಹಳಗನ್ನಡ ಕಾವ್ಯದ ಗಂಧವರ್ಣನೆಯನ್ನು ಓದುವವರು ಒಂದೊಂದು ಪದದ ಮುಂದೆಯೂ ಕೆಲವು ಪ್ರಶ್ನೆಗಳನ್ನು ಇಡಬೇಕು. ಇದು ತೇಯ್ದು ಹುಟ್ಟಿದ ಕಂಪೋ, ಗಾಳಿಯಲ್ಲಿ ಬಂದ ಕಂಪೋ? ಋತುವಿಗೆ ಒಪ್ಪುವ ದ್ರವ್ಯವೋ, ಕವಿ ಬೇಕೆಂದೇ ತಂದ ಅಪವಾದವೋ? ಮೈಗೆ ಬಳಿದದ್ದೋ, ಕೆಂಡಕ್ಕೆ ಹಾಕಿದ್ದೋ, ದೇವರಿಗೆ ಅರ್ಪಿಸಿದ್ದೋ? ಮರದಿಂದ ಬಂದದ್ದೋ, ಪ್ರಾಣಿಯಿಂದ ಬಂದದ್ದೋ? ಲೋಕೋಪಕಾರದ ಗಂಧಯುಕ್ತಿಯನ್ನು ಮಾನಸೋಲ್ಲಾಸ ಮತ್ತು ಗಂಧಸಾರಗಳೊಡನೆ ಇಟ್ಟು ದ್ರವ್ಯವಾರು ತುಲನಾತ್ಮಕ ಸೂಚಿಯೊಂದನ್ನು ಸಿದ್ಧಪಡಿಸಿದರೆ ಈ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಸುಲಭವಾಗುತ್ತದೆ. ಕನ್ನಡ ಸಂಶೋಧಕರಿಗೆ ಅದು ತಕ್ಕ ಕೆಲಸ. ಮರ ಇನ್ನೂ ಅಲ್ಲಲ್ಲಿ ಉಳಿದಿರುವಾಗಲೇ, ಅದನ್ನು ತೇಯ್ದು ಮೂಸಿ ಬಲ್ಲವರು ಇರುವಾಗಲೇ ಆ ಕೆಲಸ ನಡೆಯಬೇಕು.